ಆಕಾಶಕ್ಕೆ ನೂರ ಹದಿನೇಳು ಚೀಟಿ

ಮೇ ೧೨

ಪ್ರೀತಿಯ ಉಡವೇ,

ನಿಘಂಟು ಕಚೇರಿಯ ಹಿರಿಯ ಸಹಾಯಕನೂ ಐವತ್ತೊಂಬತ್ತು ವರ್ಷ ಪ್ರಾಯದವನೂ ಆದ ನಾನು, ಯಾರ ಒತ್ತಾಯವೂ ಇಲ್ಲದೆ, ಕನ್ನಡಕ ಒರೆಸಿ ಹಾಕಿಕೊಂಡು, ಈ ಮೂಲಕ ಒಪ್ಪಿಕೊಳ್ಳುವುದೇನೆಂದರೆ: ಕಳೆದ ಗುರುವಾರ ಬೆಳಗ್ಗೆ ಹನ್ನೊಂದು ಹತ್ತಕ್ಕೆ ಒಂದು ಕಳ್ಳತನ ಮಾಡಿದ್ದೇನೆ. ಕದ್ದ ಮಾಲು ಒಂಬತ್ತು ಪದ. ಮಾಲಿನ ಒಡತಿ ನೀನು.

ನಡೆದದ್ದು ಇಷ್ಟು. ನನ್ನ ಪಾಲಿಗೆ ಈಗ 'ಆಕಾಶ' ಬಂದಿದೆ. ನಮ್ಮಲ್ಲಿ ಪದಕ್ಕೆ ಅರ್ಥ ಬರೆದರೆ ಸಾಲದು, ಆ ಅರ್ಥದಲ್ಲಿ ಯಾರಾದರೂ ಬರೆದ ವಾಕ್ಯವನ್ನು ತೋರಿಸಬೇಕು. ನಾವೇ ವಾಕ್ಯ ಹೊಸೆಯುವಂತಿಲ್ಲ. ಅದು ನಮ್ಮ ಕಚೇರಿಯಲ್ಲಿ ಕೊಲೆಗಿಂತ ಒಂದು ಮೆಟ್ಟಿಲು ಮೇಲಿನ ಅಪರಾಧ. ಪ್ರತಿ ವಾಕ್ಯಕ್ಕೂ ಒಂದು ಚೀಟಿ, ಪ್ರತಿ ಚೀಟಿಗೂ ಒಂದು ಸಂಖ್ಯೆ. ವಾಕ್ಯ ಹೋದಲ್ಲೆಲ್ಲ ಸಂಖ್ಯೆಯೂ ಬಾಲದ ಹಾಗೆ ಹಿಂದೆ ಹೋಗಬೇಕು. ಮೂವತ್ತು ವರ್ಷ ಇದನ್ನೇ ಮಾಡಿದ ಈ ಕೈ, ಸೋಪು ತರಲು ಅಂಗಡಿಗೆ ಚೀಟಿ ಬರೆದರೂ ಕೊನೆಗೊಂದು ಸಂಖ್ಯೆ ಹಾಕಿಬಿಡುತ್ತದೆ. ಅಂಗಡಿಯವನು ಅಷ್ಟು ಸೋಪು ಕಳಿಸುತ್ತಾನೆ.

ಆಕಾಶ ತಲೆಯ ಮೇಲಿದೆ ಎನ್ನುವ ವಾಕ್ಯಗಳು ಕಪಾಟಿನ ತುಂಬ ಇವೆ. ಪಕ್ಕದಲ್ಲಿದೆ ಎನ್ನುವುದು ಒಂದೂ ಇರಲಿಲ್ಲ. ಆಗ ನಿನ್ನ ಪತ್ರ ಬಂತು: 'ಕ್ಯಾಬಿನ್‌ನಲ್ಲಿ ಕೂತರೆ ಆಕಾಶ ಮೇಲಿರೋದಿಲ್ಲ, ಪಕ್ಕದಲ್ಲಿ ಕೂತಿರುತ್ತೆ, ಮಾತಾಡದ ನೆಂಟನ ಹಾಗೆ.' ನಾನು ಅತ್ತಿತ್ತ ನೋಡಿದೆ. ಬರೆದುಕೊಂಡೆ. ಆ/೪೧. ಮಗಳ ಪತ್ರವೂ ಬರಹವೇ ತಾನೆ? ಮೂಲ: 'ಕ್ರೇನ್ ಚಾಲಕಿಯೊಬ್ಬರ ಖಾಸಗಿ ಕಾಗದ.'

ಪ್ರಧಾನ ಸಂಪಾದಕರು (ಎಲ್ಲ ಮಾತನ್ನೂ ತಾವೇ ಮುಗಿಸುವುದರಿಂದ ನಾವು ಅವರನ್ನು ಪೂರ್ಣವಿರಾಮ ಎನ್ನುತ್ತೇವೆ) ನಿನ್ನೆ ಕೆಳಗಿಳಿದು ಬಂದು, "ಏನ್ರೀ, ಆಕಾಶ ಎಲ್ಲಿಗೆ ಬಂತು?" ಎಂದರು.

"ನೆಲಮಾಳಿಗೆಗೆ ಬಂದಿದೆ ಸಾರ್," ಎಂದೆ.

ಅವರು ನಗಲಿಲ್ಲ. ಅವರಿಗೆ 'ನಗು' ಪದ ಇನ್ನೂ ಹಂಚಿಕೆಯಾಗಿಲ್ಲ.

ಜಂಬ ಅಂದುಕೊಳ್ಳಬೇಡ. ಇವತ್ತಿನ ತಾರೀಖಿಗೆ ಆಕಾಶದ ಬಗ್ಗೆ ನನ್ನಷ್ಟು ಬಲ್ಲವರು ಸುತ್ತಮುತ್ತ ಯಾರೂ ಇಲ್ಲ.

ಇಂತಿ ತಪ್ಪೊಪ್ಪಿಕೊಂಡ,
ಅಪ್ಪ


ಮೇ ೨೬

ಅಪ್ಪಾ,

ಕಳ್ಳತನ ಮಾಫಿ. ಆದರೆ ಉಡ ಅನ್ನೋದನ್ನ ಬಿಡು. ಮೂರನೇ ವಯಸ್ಸಲ್ಲಿ ನಿನ್ನ ಪುಸ್ತಕದ ಕಪಾಟು ಹತ್ತಿ ಬಿಡದೆ ಹಿಡ್ಕೊಂಡಿದ್ದು ಒಂದು ಸಲ. ಅದಕ್ಕೆ ಇಪ್ಪತ್ತೈದು ವರ್ಷ ಶಿಕ್ಷೆನಾ? ಹೋದ ವಾರ ಮೇಸ್ತ್ರಿ ಲಕೋಟೆ ಮೇಲೆ 'ಉಡ, ಟವರ್ ಕ್ರೇನ್' ಅಂತ ಓದಿ, ವಾಕಿಟಾಕಿಯಲ್ಲಿ ಇಡೀ ಸೈಟಿಗೆ ಕೇಳೋ ಹಾಗೆ ಹೇಳಿದ. ಈಗ ಸಿಮೆಂಟ್ ಕಲಸೋರೂ "ಉಡಮ್ಮಾ, ಬಕೆಟ್ ಇಳಿಸಿ" ಅಂತಾರೆ.

ಇಲ್ಲಿನ ಕಥೆ ಕೇಳು. ಬೆಳಗ್ಗೆ ಆರೂವರೆಗೆ ಏಣಿ ಹತ್ತೋಕೆ ಶುರು ಮಾಡಿದರೆ ಕ್ಯಾಬಿನ್ ಸೇರೋಕೆ ಇಪ್ಪತ್ತು ನಿಮಿಷ. ಗಾಜಿನ ಮೇಲಿನ ಮಂಜು ಒರೆಸಿದರೆ ಆಕಾಶಕ್ಕೆ ಅಂಗೈಯಗಲ ಒಂದು ಕಿಟಕಿ ತೆರೆದ ಹಾಗಾಗುತ್ತೆ. ತಗೋ, ಇದನ್ನೂ ಕದ್ದುಕೋ. ಆಮೇಲೆ ಸಂಜೆ ಐದರವರೆಗೆ ಅಲ್ಲೇ. ಎದ್ದು ನಿಂತರೆ ತಲೆ ಸೂರಿಗೆ ತಾಗುತ್ತೆ. ಕಾಲು ಚಾಚಿದರೆ ಪೆಡಲ್ಲು. ಊಟದ ಡಬ್ಬಿ ಹಗ್ಗದಲ್ಲಿ ಬರುತ್ತೆ, ಮಿಕ್ಕಿದ್ದಕ್ಕೆ ಬಾಟಲಿ ಇದೆ, ಹೆಚ್ಚು ಕೇಳಬೇಡ. ನನ್ನ ಸುತ್ತ ಇಷ್ಟೊಂದು ಆಕಾಶ ಇದೆ, ನನಗೆ ಮೂರು ಹೆಜ್ಜೆ ಜಾಗ ಇಲ್ಲ.

ಟವರ್ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತೆ. ಆಮೇಲೆ ಕ್ರೇನ್ ಬಿಚ್ತಾರೆ. ಅಷ್ಟರೊಳಗೆ ಒಂದು ಭಾನುವಾರ ಬಾ ಅಪ್ಪಾ. ಎರಡು ಗಂಟೆ ಬಸ್ಸು ಅಷ್ಟೆ. ಹತ್ತೋದೇನೂ ಬೇಡ, ಬುಡದಲ್ಲಿ ನಿಂತು ತಲೆ ಎತ್ತಿ ನೋಡಿದರೆ ಸಾಕು. ನಾನು ಎರಡು ಸಲ ನಿನ್ನ ನೆಲಮಾಳಿಗೆಗೆ ಬಂದೆ. ಎರಡು ಸಲವೂ ಕಪಾಟುಗಳ ಸಂದಿಯಲ್ಲಿ ನಿಂತೇ ಮಾತಾಡಿದ್ವಿ. ಗೇಟಿನವರೆಗೆ ಕಳಿಸಿಕೊಡೋಕೂ ನೀನು ಬರಲಿಲ್ಲ. ನಿನ್ನ ಸರದಿ.

ಮಗಳು


ಜೂನ್ ೧೬

ಗಗನವಿಹಾರಿಣಿಯೇ,

ಬರಬೇಕೆಂದೇ ಇದ್ದೆ. ಅಷ್ಟರಲ್ಲಿ 'ಖ' ಎದುರಾಯಿತು.

ನಿನಗೆ ಗೊತ್ತೇ? ಹಳೆಯ ಸಂಸ್ಕೃತದಲ್ಲಿ ಖ ಅಂದರೆ ಆಕಾಶ. ಖಗ ಅಂದರೆ ಅಲ್ಲಿ ಹೋಗುವುದು, ಹಕ್ಕಿ. ಆದರೆ ಅದೇ ಖಕ್ಕೆ ತೂತು ಅಂತಲೂ ಅರ್ಥ. ಗಾಡಿಯ ಚಕ್ರದ ನಡುವೆ ಅಚ್ಚು ಕೂರುತ್ತದಲ್ಲ, ಆ ತೂತು. ಅಂದರೆ ನೀನು ದಿನಾ ಬೆಳಗ್ಗೆ ಇಪ್ಪತ್ತು ನಿಮಿಷ ಏಣಿ ಹತ್ತಿ ಸೇರುತ್ತಿರುವುದು ಒಂದು ತೂತನ್ನು. ನಾನು ಏಣಿಯೇ ಇಲ್ಲದೆ ಸೇರಿದ್ದೇನೆ.

ಬಾನು ನಮ್ಮದೇ ಮನೆಯ ಹಳೆಯ ಮಗು. ಆಕಾಶ ಹೊರಗಿನಿಂದ ಬಂದ ಅಳಿಯ. ಬಂದವನು ಬಾಯಿಗೆ ಸಿಕ್ಕಿ ಸವೆದು ಆಗಸ ಆದ. ಮುಗಿಲು ಮೊದಲು ಬರೀ ಮೋಡ ಆಗಿದ್ದವಳು, ಅಲ್ಲೇ ಇದ್ದೂ ಇದ್ದೂ ಆಕಾಶದ ಹೆಸರನ್ನೂ ಹಾಕಿಕೊಂಡಳು. ಬಾಡಿಗೆಗೆ ಬಂದವರು ಮನೆ ಬರೆಸಿಕೊಂಡ ಹಾಗೆ. ಇನ್ನು ಅಂಬರ ಅಂದರೆ ಬಟ್ಟೆಯೂ ಹೌದು, ಆಕಾಶವೂ ಹೌದು. ಹಾಗಾಗಿ ನನ್ನಂಥವನು ಹೊರಗೆ ಹೊರಟರೆ ಕೊಳೆಯಾಗಿ ಒಗೆಯಬೇಕಾದ ಅಂಬರ ಎರಡಾಗುತ್ತದೆ.

ಆಕಾಶ ಅಂದರೆ ಹೊಳೆಯುವುದು ಎಂಬುದು ಒಂದು ವಿವರಣೆ. ಅದೇ ಮೂಲದಿಂದ ಅವಕಾಶವೂ ಬಂತು. ನಿನ್ನ ಕ್ಯಾಬಿನ್‌ನಲ್ಲಿ ಆಕಾಶ ಇದೆ, ಅವಕಾಶ ಇಲ್ಲ. ನನ್ನಲ್ಲಿ ಉಲ್ಟಾ. ತತ್ತ್ವಶಾಸ್ತ್ರದವರು ಇನ್ನೂ ಮುಂದೆ ಹೋಗಿ, ಮಡಕೆಯೊಳಗಿನ ಖಾಲಿಯೂ ಆಕಾಶವೇ ಎಂದರು. ಘಟಾಕಾಶ. ಆ ಲೆಕ್ಕದಲ್ಲಿ ಈ ಕೋಣೆಯಲ್ಲಿ ನನ್ನ ಪಾಲಿನ ಆಕಾಶ ಹನ್ನೆರಡಡಿ ಉದ್ದ, ಒಂಬತ್ತಡಿ ಅಗಲ ಇದೆ, ಟ್ಯೂಬ್‌ಲೈಟು ಸಮೇತ. ಗೋಡೆಯ ಮೇಲ್ತುದಿಯ ಜಾಲರಿಯಲ್ಲಿ ಬೀದಿ ಕಾಣುತ್ತದೆ, ಜನರ ಮೊಣಕಾಲಿನವರೆಗೆ. ಕೋಣೆಯಿಂದ ಇದೇ ಕಟ್ಟಡದಲ್ಲಿರುವ ನನ್ನ ಮನೆಗೆ ಮೂವತ್ತೆಂಟು ಹೆಜ್ಜೆ, ಎಲ್ಲವೂ ಸೂರಿನಡಿ. ಕ್ಯಾಂಟೀನಿನ ಅಕ್ಕ ತರಕಾರಿ ಬಾಗಿಲಿಗೇ ತಂದುಕೊಡುತ್ತಾರೆ. ಮನುಷ್ಯನಿಗೆ ಇನ್ನೇನು ಬೇಕು?

ಚೀಟಿ ಎಂಬತ್ತಾರಕ್ಕೆ ಬಂದಿದೆ. ಮುಗಿಯಲಿ, ಬರುತ್ತೇನೆ.

ಕೆಲಸದಲ್ಲಿ ಮುಳುಗಿರುವ,
ಅಪ್ಪ


ಜುಲೈ ೭

ಅಪ್ಪಾ,

ನಾಲ್ಕು ಪುಟ ಬರೆದಿದ್ದೀಯ. ನಗು ಬಂತು. ಮಡಿಸಿ ಇಟ್ಟ ಮೇಲೆ, ಇಂಥ ದಿನ ಬರ್ತೀನಿ ಅಂತ ಒಂದು ತಾರೀಖೂ ಅದರಲ್ಲಿ ಇಲ್ಲ ಅಂತ ಗೊತ್ತಾಯ್ತು.

ಮೊನ್ನೆ ಗಾಳಿ ಎದ್ದಿತ್ತು. ಗಾಳಿ ಜೋರಾದರೆ ಕ್ರೇನಿನ ತೋಳನ್ನ ಬಿಟ್ಟುಬಿಡಬೇಕು, ಅದು ಗಾಳಿ ಬೀಸಿದ ಕಡೆ ತಿರುಗ್ತಾ ಇರುತ್ತೆ. ಆಗ ಏಣಿ ಇಳಿಯೋ ಹಾಗಿಲ್ಲ. ನಾಲ್ಕು ಗಂಟೆ ಹೊತ್ತು ನಾನು ಅಲ್ಲಿ ಕೂತು ಸುಮ್ಮನೆ ತಿರುಗಿದೆ. ಮೇಸ್ತ್ರಿ ಕೆಳಗಿಂದ, "ಉಡಮ್ಮಾ, ಗಟ್ಟಿಯಾಗಿ ಹಿಡ್ಕೊಳ್ಳಿ" ಅಂತಿದ್ದ. ಹಿಡ್ಕೊಳ್ಳೋಕೆ ಏನಿದೆ?

ಅಷ್ಟು ಹೊತ್ತು ನಿನ್ನ ಬಗ್ಗೆ ಯೋಚನೆ ಮಾಡಿದೆ. ನೀನೂ ಯಾವುದೋ ಗಾಳಿ ನಿಲ್ಲಲಿ ಅಂತ ಕಾಯ್ತಾ ಇದ್ದೀಯ ಅನಿಸ್ತು. ಹದಿನಾಲ್ಕು ತಿಂಗಳಾಯ್ತಲ್ಲ ಅಪ್ಪಾ.

ಅಮ್ಮ ಹೋದ ದಿನ ಪಕ್ಕದ ಮನೆ ಅಜ್ಜಿ ನನ್ನ ತಲೆ ಸವರಿ ಮೇಲಕ್ಕೆ ಕೈ ತೋರಿಸಿದ್ರು. ಇಪ್ಪತ್ತೇಳು ವರ್ಷದವಳಿಗೆ, ಮಗುಗೆ ತೋರಿಸೋ ಹಾಗೆ. ನೀನು ಅವರ ಬೆರಳು ಹೋದ ಕಡೆ ನೋಡಿದೆ, ತಕ್ಷಣ ತಲೆ ತಗ್ಗಿಸಿದೆ. ನಾನು ನೋಡ್ತಾ ಇದ್ದೆ. ನಿನ್ನ ಚೀಟಿಗಳಲ್ಲಿ ಆ ಅರ್ಥ ಇದೆಯಾ?

ನಾನು ಹತ್ತು ತಿಂಗಳಿಂದ ಅಲ್ಲೇ ಕೆಲಸ ಮಾಡ್ತಾ ಇದ್ದೀನಿ. ಅಲ್ಲಿ ಯಾರೂ ಇಲ್ಲ ಅಪ್ಪಾ. ಹೆದರಿಕೊಳ್ಳೋಂಥದ್ದು ಏನೂ ಇಲ್ಲ. ಗಾಳಿ ಇದೆ ಅಷ್ಟೆ.

ಮಗಳು


ಆಗಸ್ಟ್ ೧೧

ಮಗಳೇ,

ತಡವಾಯಿತು. ನೆಗಡಿ.

ಪೂರ್ಣವಿರಾಮರು ಬಂದಿದ್ದರು. "ಅರ್ಥ ಒಂದು, ಎರಡು, ಮೂರು, ನಾಲ್ಕು, ಆರು. ಐದು ಎಲ್ರೀ?" ಎಂದರು.

"ಬಿಟ್ಟಿದೀನಿ ಸಾರ್."

"ಯಾಕೆ? ಹೋದವರು ಇರೋ ಕಡೆ ಅನ್ನೋ ಅರ್ಥಕ್ಕೆ ವಾಕ್ಯ ಸಿಗಲ್ವಾ? ಬೀದಿಗೆ ಹೋಗಿ ನಿಂತ್ರೆ ಹತ್ತು ಸಿಗುತ್ತೆ."

"ಅದೇ ಸಾರ್, ಬೀದಿಗೆ ಹೋಗಬೇಕಲ್ಲ," ಎಂದೆ.

ಅವರು ನನ್ನ ಮುಖ ನೋಡಿದರು. ಮಾತು ಮುಗಿಸದೆ ಹೋದರು. ನಾನು ಕಂಡಂತೆ ಇದೇ ಮೊದಲು.

ಚೀಟಿ ನೂರ ಹದಿನೇಳು ಆಗಿದೆ. ನಿನ್ನ ಜುಲೈ ಪತ್ರದಿಂದ ನಾನು ಏನನ್ನೂ ಬರೆದುಕೊಂಡಿಲ್ಲ.

ಅಪ್ಪ


ಆಗಸ್ಟ್ ೩೦

ಅಪ್ಪಾ,

ಮುಂಚೆನೇ ಹೇಳಬೇಕಿತ್ತು. ಬಂದರಿನಲ್ಲಿ ಕೆಲಸ ಸಿಕ್ಕಿದೆ. ಹಡಗಿನಿಂದ ಸರಕು ಎತ್ತೋ ದೊಡ್ಡ ಕ್ರೇನು, ಇದರ ಅಪ್ಪನಂಥದ್ದು. ಕ್ಯಾಬಿನ್‌ನಲ್ಲಿ ಎದ್ದು ನಿಂತು ಮೈ ಮುರಿಯಬಹುದಂತೆ! ಎಂಟು ಗಂಟೆಗೊಂದು ಸಲ ಪಾಳಿ ಬದಲಾಗುತ್ತಂತೆ. ಆದರೆ ಸಮುದ್ರ ದಾಟಿ ಹೋಗಬೇಕು. ಮೂರು ವರ್ಷದ ಕರಾರು, ನಡುವೆ ರಜೆ ಇಲ್ಲ.

ಕಾಗದ ನನ್ನ ಹತ್ತಿರ ಇದೆ. ಸಹಿ ಹಾಕಿಲ್ಲ. ಈ ಡಬ್ಬಿಯಿಂದ ಹೊರಗೆ ಹೋಗಬೇಕು ಅಂತ ನನಗೆಷ್ಟು ಆಸೆ ಇದೆ ಅಂತ ಹೇಳೋಕಾಗಲ್ಲ. ಆದರೆ ನೀನು ಆ ಡಬ್ಬಿಯಲ್ಲಿ ಇರೋವಾಗ ನಾನು ಮೂರು ವರ್ಷ ಸಮುದ್ರದಾಚೆ ಹೇಗೆ ಇರಲಿ? ನಾಳೆ ಜ್ವರ ಬಂದರೆ ಆಸ್ಪತ್ರೆಗೂ ಹೋಗಲ್ಲ ನೀನು. ಇದನ್ನ ನೇರವಾಗಿ ಬರೀತೀನಿ, ತಮಾಷೆ ಮಾಡಿ ಹಾರಿಸಬೇಡ: ನೀನು ಒಂದು ಸಲ ಆ ಕಟ್ಟಡದಿಂದ ಹೊರಗೆ ಬಂದೆ ಅಂತ ಗೊತ್ತಾದರೆ ಸಹಿ ಹಾಕ್ತೀನಿ. ಇಲ್ಲಾಂದ್ರೆ ಇಲ್ಲ. ಹತ್ತಿರದಲ್ಲೇ ಇನ್ನೊಂದು ಟವರ್ ಏಳ್ತಾ ಇದೆ, ಅದನ್ನೇ ಹತ್ತುತ್ತೀನಿ. ಕೊನೆ ದಿನ ಸೆಪ್ಟೆಂಬರ್ ೨೭.

ಸೆಪ್ಟೆಂಬರ್ ೮ ಭಾನುವಾರ ಮಾತ್ರ ಬರಬೇಡ. ಅವತ್ತು ಬೆಳಗ್ಗೆಯೇ ಬಸ್ಸಿಗೆ ಹೋಗ್ತೀನಿ, ಸೋಮವಾರ ಕಂಪನಿ ಡಾಕ್ಟರು ಕಣ್ಣು ಕಿವಿ ನೋಡ್ತಾರಂತೆ.

ಮಗಳು


ಸೆಪ್ಟೆಂಬರ್ ೧೦

ಪ್ರೀತಿಯ ಉಡವೇ,

ಕೂತಿದ್ದೀಯಾ? ಕೂತುಕೋ. ಮೊನ್ನೆ ಭಾನುವಾರ, ಎಂಟನೇ ತಾರೀಖು, ನಿನ್ನಪ್ಪ ನಿನ್ನ ಕ್ರೇನ್ ಹತ್ತಿ ಬಂದ.

ಆ ದಿನ ಬರಬೇಡ ಅಂದಿದ್ದೆ, ಗೊತ್ತು. ನೀನಿದ್ದರೆ 'ಬುಡದಲ್ಲೇ ನಿಲ್ಲು ಅಪ್ಪಾ' ಅಂತ ಕೈ ಹಿಡಿದು ಎಳೆಯುತ್ತಿದ್ದೆ. ಅದಕ್ಕೇ ನೀನಿಲ್ಲದ ದಿನ ಆರಿಸಿದೆ. ಕಾವಲುಗಾರನಿಗೆ ನಾನು ಯಾರೆಂದು ಹೇಳಿದೆ. "ಓ, ಉಡಮ್ಮನ ಅಪ್ಪಾವ್ರಾ!" ಎಂದು ಹೆಲ್ಮೆಟ್ ತೊಡಿಸಿದ. ಮಧ್ಯಾಹ್ನ ಎರಡು ಗಂಟೆ. ಸರಸರ ಹತ್ತಿದೆ. ಮೊದಲ ಅಟ್ಟಣಿಗೆಯಲ್ಲಿ ನಿಲ್ಲಲಿಲ್ಲ, ಎರಡನೆಯದರಲ್ಲೂ ನಿಲ್ಲಲಿಲ್ಲ. ಕ್ಯಾಬಿನ್ ಮುಟ್ಟಿದ ಮೇಲೆ ಗಾಜಿನ ಮೇಲಿನ ಮಂಜು ಒರೆಸಿದೆ, ಆಕಾಶಕ್ಕೆ ಅಂಗೈಯಗಲ ಒಂದು ಕಿಟಕಿ ತೆರೆದ ಹಾಗಾಯಿತು. ಆ/೫೮. ಕೆಳಗೆ ಬೀದಿಗಳು ಶರಟಿನ ಹೊಲಿಗೆಯ ಹಾಗೆ. ಎರಡು ಕೈಯನ್ನೂ ಬಿಟ್ಟು ನಿಂತೆ, ಮಗಳೇ! ಗಾಳಿಗೆ ನನ್ನ ಕನ್ನಡಕ ಮಾತ್ರ ಸ್ವಲ್ಪ ಹೆದರಿತು.

ಹದಿನಾರು ತಿಂಗಳ ಮುನಿಸು ಹತ್ತೇ ನಿಮಿಷದಲ್ಲಿ ಮುರಿದುಬಿತ್ತು. ಆಕಾಶಕ್ಕೂ ನನಗೂ ಈಗ ರಾಜಿ. ಸಹಿ ಹಾಕು.

ಇಂತಿ ಎತ್ತರದ ಮನುಷ್ಯ,
ಅಪ್ಪ


ಸೆಪ್ಟೆಂಬರ್ ೧೭

ಅಪ್ಪಾ,

ನಿನ್ನ ಪತ್ರ ಊಟದ ಡಬ್ಬಿಯ ಜೊತೆ ಹಗ್ಗದಲ್ಲಿ ಮೇಲೆ ಬಂತು. ಅಲ್ಲೇ ಓದಿದೆ. ಮತ್ತೆ ಕೆಲಸ ಶುರುವಾದ ಮೇಲೆ ಅಳು ಬಂತು, ಮೂಗು ಒರೆಸಿಕೊಳ್ಳೋಕೆ ಲಿವರ್‌ನಿಂದ ಕೈ ತೆಗೆಯೋ ಹಾಗಿರಲಿಲ್ಲ. ಮೂರು ಟನ್ ಕಬ್ಬಿಣ ನೇತಾಡ್ತಾ ಇತ್ತು.

ಕಾವಲುಗಾರಣ್ಣನ್ನ ಕೇಳಿದೆ. "ನಿಮ್ಮಪ್ಪಾವ್ರಂಥವರನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ ಕಣಮ್ಮ" ಅಂದ. ಇನ್ನೂ ಹೇಳು ಅಂದರೆ ನಗ್ತಾ ಬೀಡಿ ಹಚ್ಚೋಕೆ ಹೋದ.

ಡಾಕ್ಟರು ಎಲ್ಲ ಸರಿ ಇದೆ ಅಂದ್ರು. ಶುಕ್ರವಾರ ೨೭ಕ್ಕೆ ಸಹಿ ಹಾಕ್ತೀನಿ. ನಿನ್ನ ಮಾತಿನ ಮೇಲೆ.

ಒಂದೇ ಒಂದು ಪ್ರಶ್ನೆ. ಆ ಕಿಟಕಿಯ ವಾಕ್ಯ ಆದ ಮೇಲೆ ಆ/೫೮ ಅಂತ ಬರೆದಿದ್ದೀಯಲ್ಲ, ಅದೇನದು?

ಮಗಳು


ಸೆಪ್ಟೆಂಬರ್ ೨೦

ಮಗಳೇ,

ಗೊತ್ತಿದ್ದೂ ಕೇಳಿದೆಯೋ, ಗೊತ್ತಿಲ್ಲದೆ ಕೇಳಿದೆಯೋ, ನಾನು ಕೇಳುವುದಿಲ್ಲ. ನಿನ್ನ ಪ್ರಶ್ನೆ ಓದಿದ ಮೇಲೆ ಎರಡು ಗಂಟೆ ಹೊತ್ತು ನನ್ನ ಬಲಗೈಯನ್ನೇ ನೋಡುತ್ತ ಕೂತಿದ್ದೆ. ಸುಳ್ಳು ಹೇಳುವಾಗಲೂ ಮೂಲ ನಮೂದಿಸುವ ಕೈ ಇದು. ಇಂಥ ಕೈ ಇಟ್ಟುಕೊಂಡು ಮನುಷ್ಯ ನೆಮ್ಮದಿಯಾಗಿ ಒಂದು ಮೋಸ ಮಾಡುವುದಾದರೂ ಹೇಗೆ?

ಆ/೫೮ ನೀನು ಮೇ ತಿಂಗಳಲ್ಲಿ ಬರೆದ ವಾಕ್ಯದ ಚೀಟಿ. ಮಂಜು, ಕಿಟಕಿ, ಅಂಗೈ ಎಲ್ಲ ನಿನ್ನವು. ಮಧ್ಯಾಹ್ನ ಎರಡು ಗಂಟೆಗೆ ಮಂಜು ಇರುವುದಿಲ್ಲ ಎಂಬುದೂ ನನಗೆ ಹೊಳೆಯಲಿಲ್ಲ. ನಾನು ಕ್ಯಾಬಿನ್ ನೋಡಿಲ್ಲ. ಎಂಟನೇ ತಾರೀಖು ಆರಿಸಿದ್ದು ನೀನು ತಡೆಯುತ್ತೀಯೆಂದಲ್ಲ, ನೀನು ನೋಡುತ್ತೀಯೆಂದು.

ಆದರೆ ಬಂದದ್ದು ನಿಜ. ಅಷ್ಟನ್ನು ನಂಬು. ನಮ್ಮ ಕಚೇರಿಯ ಗೇಟಿನವರೆಗೆ ಬಂದು ಎರಡು ಸಲ ವಾಪಸು ಹೋದೆ. ಮೂರನೆಯ ಸಲ ನಿನ್ನಮ್ಮನ ಕೊಡೆ ತೆಗೆದುಕೊಂಡೆ, ಗುಲಾಬಿ ಹೂವಿನದು, ಅಂಚಿಗೆ ಜಾಲರಿ ಇರುವುದು. ಬಿಚ್ಚಿ ತಲೆಯ ಮೇಲೆ ಹಿಡಿದ ಮೇಲೆ ಕಾಲು ಮುಂದೆ ಹೋಯಿತು. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟೇ ಸಿಕ್ಕಿತು. ಮಡಿಸಲಿಲ್ಲ, ಕಿಟಕಿಗೆ ಅಡ್ಡ ಹಿಡಿದೆ.

ಕಂಡಕ್ಟರ್ ಬಂದು, "ಏನ್ ಸಾರ್, ಬಸ್ಸು ಸೋರ್ತಾ ಇದೆಯಾ?" ಎಂದ.

"ಇಲ್ಲಪ್ಪ, ಮುಂಜಾಗ್ರತೆ," ಎಂದೆ.

"ಹಾಗಾದ್ರೆ ಕೊಡೆಗೂ ಒಂದು ಟಿಕೆಟ್ ತಗೊಳ್ಳಿ, ಮೂರು ಜನರ ಜಾಗ ಹಿಡಿದಿದೆ." ಬಸ್ಸಿಗೆ ಬಸ್ಸೇ ನಕ್ಕಿತು. ಎರಡು ಗಂಟೆ ಹಾಗೇ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಮಗುವನ್ನು ಆಚೆ ಮಗ್ಗುಲಿಗೆ ಸರಿಸಿಕೊಂಡರು.

ಕ್ರೇನಿನ ಬುಡದಲ್ಲಿ ಕಾವಲುಗಾರ, "ಕೊಡೆ ಕೊಡಿ ಸಾರ್, ಏಣಿಗೆ ಎರಡು ಕೈ ಬೇಕು," ಎಂದ. ಕೊಟ್ಟೆ. ಕಣ್ಣು ಮುಚ್ಚಿ ಹತ್ತಿದೆ. ಏಳು ಮೆಟ್ಟಿಲು. ಏಳನೆಯದರಲ್ಲಿ ಗಾಳಿ ಕುತ್ತಿಗೆಗೆ ತಾಗಿತು. ಅಷ್ಟೆ. ಆಮೇಲೆ ಮೇಲೂ ಇಲ್ಲ, ಕೆಳಗೂ ಇಲ್ಲ. ಕಬ್ಬಿಣವನ್ನು ತಬ್ಬಿಕೊಂಡು, ಹಣೆ ಒತ್ತಿಕೊಂಡು, ನಿನ್ನಮ್ಮನ ಹೆಸರು ಹಿಡಿದು ಕರೆದೆನಂತೆ. ನನಗೆ ನೆನಪಿಲ್ಲ, ಅವನೇ ಹೇಳಿದ್ದು. "ಕಣ್ಣು ಬಿಡಿ ಸಾರ್, ನಿಮ್ಮ ಪಾದ ನನ್ನ ತಲೆಗಿಂತ ಒಂದೂವರೆ ಅಡಿ ಮೇಲಿದೆ ಅಷ್ಟೆ," ಎಂದು ನಲವತ್ತು ನಿಮಿಷ ಹೇಳಿದ. ಕೊನೆಗೆ ಸ್ಟೂಲು ತಂದು ಹತ್ತಿ, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಅವನ ಕೋಣೆಯಲ್ಲಿ ಕೂರಿಸಿ ಟೀ ಕೊಟ್ಟ. ನಿನಗೆ ಹೇಳಕೂಡದೆಂದು ಮಾತು ತೆಗೆದುಕೊಂಡೆ. ಅವನು ಮಾತು ಉಳಿಸಿಕೊಂಡ. ಕೈ ಕೊಟ್ಟದ್ದು ನನ್ನದೇ ಕೈ.

ಸಹಿ ಹಾಕುವುದು, ಬಿಡುವುದು ನಿನಗೆ ಸೇರಿದ್ದು. ನನ್ನ ಸುಳ್ಳಿನ ಮೇಲೆ ಮಾತ್ರ ಹಾಕಬೇಡ. ಹಾಕುವುದಿದ್ದರೆ ಆ ಏಳು ಮೆಟ್ಟಿಲಿನ ಮೇಲೆ ಹಾಕು. ಆಸ್ಪತ್ರೆಗೆ ಬಸ್ಸಿನಲ್ಲಿ ಹತ್ತು ನಿಮಿಷ, ಏಣಿಯೂ ಇಲ್ಲ. ಕೊಡೆ ಇದ್ದರೆ ಹೋಗಬಲ್ಲೆ ಅನಿಸುತ್ತದೆ. ಹಾಕು ಮಗಳೇ. ನೀನಾದರೂ ಎದ್ದು ನಿಂತು ಮೈ ಮುರಿ.

ಇನ್ನೊಂದು ಉಳಿಯಿತು. ಬರೆಯಲು ನಾಚಿಕೆಯಾಗುತ್ತದೆ. ಆಕಾಶದ ಬಗ್ಗೆ ನನ್ನಷ್ಟು ಬಲ್ಲವರು ಸುತ್ತಮುತ್ತ ಇಲ್ಲ ಎಂದು ಮೇ ತಿಂಗಳಲ್ಲಿ ಬರೆದಿದ್ದೆ. ಎಂಟನೇ ತಾರೀಖು ಬೆಳಗ್ಗೆಯಿಂದ ಸಂಜೆಯವರೆಗೆ ಅದರ ಕೆಳಗೇ ಓಡಾಡಿದೆ. ಒಂದು ಸಲವೂ ತಲೆ ಎತ್ತಲಿಲ್ಲ. ಅವತ್ತು ಅದು ಯಾವ ಬಣ್ಣ ಇತ್ತೆಂದು ನನಗೆ ಗೊತ್ತಿಲ್ಲ. ಕಾವಲುಗಾರನನ್ನು ಕೇಳಿ ಬರೆ.

ಅಪ್ಪ